ಇನ್ನಾಸಮ್ಮನ ಹಗ್ಗ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಹೊಳೆಯೊಂದು ತಾನು ಸಮುದ್ರಕ್ಕೆ ಹೊರಟಿದ್ದನ್ನೇ ಮರೆತು ಸುತ್ತು ಹಾಕಿ ಕೂತ ಜಾಗದಲ್ಲಿ, ಒಂದು ಊರಿತ್ತಂತೆ. ಆ ಊರಿನ ಜನಕ್ಕೆ ಮಂಗಳವಾರ ಬಿಟ್ಟರೆ ಬೇರೆ ದಿನ ಕಣ್ಣೀರು ಬರುತ್ತಿರಲಿಲ್ಲವಂತೆ. ನಮ್ಮಜ್ಜಿ ಹಾಲಮ್ಮ ಹೀಗೆ ಶುರು ಮಾಡಿದಾಗಲೆಲ್ಲ ನಾನು ಅವಳ ಸೆರಗು ಎಳೆದು, "ಅಜ್ಜಿ, ಅದು ನಮ್ಮೂರೇ ಅಲ್ವಾ?" ಅನ್ನುತ್ತಿದ್ದೆ. "ಹೌದು ಕಣೆ. ನಮ್ಮೂರು ಕಥೆ ಆಗಬಾರ್ದು ಅಂತ ಎಲ್ಲಾದ್ರೂ ಬರ್ದಿದ್ಯಾ?" ಅನ್ನುತ್ತಿದ್ದಳು. ಅದಕ್ಕೇ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಒಂದು ಊರಿತ್ತು. ಅಲ್ಲೊಬ್ಬಳು ಪಿಯಾನೊ ಬಾರಿಸುತ್ತಿದ್ದಳು. ಅವಳಷ್ಟು ಚೆನ್ನಾಗಿ ಬಾರಿಸುವವರು ಹೊಳೆಯ ಈ ದಡದಲ್ಲೂ ಇರಲಿಲ್ಲ, ಆ ದಡದಲ್ಲೂ ಇರಲಿಲ್ಲ. ಆ ಮಾತು ಊರಲ್ಲಿ ನಮ್ಮಜ್ಜಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮಂಗಳವಾರ ಸೂರ್ಯ ಹುಟ್ಟಿದಾಗಿನಿಂದ ಬೀದಿಯಲ್ಲಿ ದೀಪ ಹಚ್ಚುವ ತನಕ ಮಾತ್ರ ನಮಗೆ ಅಳು. ಉಳಿದ ದಿನ ಏನೇ ಆಗಲಿ, ಕಣ್ಣು ಒಣಗಿಯೇ ಇರುತ್ತದೆ. ಗುರುವಾರ ಬಿದ್ದು ಮೊಣಕಾಲು ತರಚಿಕೊಂಡ ಮಗು ಗಾಯವನ್ನು ಬೆರಗಿನಿಂದ ನೋಡಿಕೊಂಡು ಎದ್ದು ಆಟಕ್ಕೆ ಹೋಗುತ್ತದೆ. ಮಂಗಳವಾರ ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಅಮ್ಮನ ಹತ್ತಿರ ಬಂದು, ಆಗಲೇ ಹಕ್ಕಳೆ ಕಟ್ಟಿದ ಮೊಣಕಾಲು ತೋರಿಸಿ ಬಾಯಿ ತುಂಬ ಅಳುತ್ತದೆ. ನಮ್ಮಲ್ಲಿ ಮದುವೆಗಳೆಲ್ಲ ಸೋಮವಾರ, ಹೆಣ್ಣು ಕಳಿಸಿಕೊಡುವುದು ಮಂಗಳವಾರ. ಶಾಲೆಯ ಮೇಷ್ಟ್ರು ಪಾಸು ನಪಾಸು ಹೇಳುವುದು ಬುಧವಾರ, ಹೇಳಿ ಪಾರಾಗುತ್ತಾರೆ. ಮಂಗಳವಾರ ಯಾರೂ ಈರುಳ್ಳಿ ಹೆಚ್ಚುವುದಿಲ್ಲ, ಇರುವ ಕಣ್ಣೀರನ್ನು ಹುಳಿಗೆ ಯಾಕೆ ದಂಡ ಮಾಡಬೇಕು ಅಂತ. ಸಾವು ಮಾತ್ರ ವಾರ ನೋಡಿ ಬರುವುದಿಲ್ಲ. ಶುಕ್ರವಾರ ಗಂಡನನ್ನು ಕಳೆದುಕೊಂಡವಳು ಮಂಗಳವಾರದ ತನಕ ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಾಳೆ. ನೆರೆಯವರು ಬಂದು ಪಕ್ಕದಲ್ಲಿ ಕೂತು, "ತಡ್ಕೊಳವ್ವ, ಮಂಗಳವಾರ ಬಂದೇ ಬಿಡ್ತು" ಅನ್ನುತ್ತಾರೆ. ನಮ್ಮಲ್ಲಿ ಸಮಾಧಾನ ಹೇಳುವ ಬಗೆ ಅದು.

ಒಬ್ಬೊಬ್ಬರೇ ಕೂತು ಅತ್ತರೆ ಮೈಗೆ ಒಳ್ಳೆಯದಲ್ಲ ಅಂತ ಹಿರಿಯರು ಹೊಳೆದಂಡೆಯ ದಿಬ್ಬದ ಮೇಲೊಂದು ಚಾವಡಿ ಕಟ್ಟಿಸಿದ್ದಾರೆ. ಮಂಗಳವಾರ ಊಟ ಮುಗಿದ ಮೇಲೆ ಎಲ್ಲರೂ ಒಗೆದ ಕರವಸ್ತ್ರ ಹಿಡಿದು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಸಂಗೀತವಿರುತ್ತದೆ. ಚಾವಡಿಯ ಅಂಗಳದಲ್ಲಿ ಬೇವಿನ ಮರದಿಂದ ಕಲ್ಲುಕಂಬಕ್ಕೆ ಹಗ್ಗ ಕಟ್ಟಿದ್ದಾರೆ. ಹಾಡುವವರಿಗೆ, ಬಾರಿಸುವವರಿಗೆ ಒಬ್ಬೊಬ್ಬರಿಗೆ ಒಂದೊಂದು. ಯಾರ ಸಂಗೀತ ನಿಮ್ಮನ್ನು ಅಳಿಸಿತೋ ಅವರ ಹಗ್ಗದ ಮೇಲೆ ನಿಮ್ಮ ಒದ್ದೆ ಕರವಸ್ತ್ರ ಹಾಕಿ ಮನೆಗೆ ಹೋಗಬೇಕು. ನಮ್ಮಲ್ಲಿ ಚಪ್ಪಾಳೆಯೂ ಅದೇ, ಬಿರುದೂ ಅದೇ. ಹಗ್ಗ ಎಷ್ಟು ಜೋತು ಬಿದ್ದರೆ ಅಷ್ಟು ದೊಡ್ಡ ವಿದ್ವಾಂಸ.

ದೊಡ್ಡ ವಿದ್ವಾಂಸರು ಪರಂಜ್ಯೋತಿಯವರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಮಡಿಸಿ ಹೆಗಲಿಗೆ ಹಾಕಿದ ಶಲ್ಯ, ತೊಡೆಯ ಮೇಲೆ ತಂಬೂರಿ. ಅವರು ಕಣ್ಣು ಮುಚ್ಚಿ ಮೊದಲ ಸ್ವರ ಹಿಡಿದರೆ ಸಾಕು, ಮುಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಸಂಜೆಯಾಗುವಷ್ಟರಲ್ಲಿ ಅವರ ಹಗ್ಗ ಬಾಗಿ ನೆಲಕ್ಕೆ ತಾಗುತ್ತಿತ್ತು. ಆಡುಗಳು ಬಂದು ಕರವಸ್ತ್ರದ ಉಪ್ಪು ನೆಕ್ಕುತ್ತಿದ್ದವು. ಹಗ್ಗಗಳನ್ನು ನೋಡಿಕೊಳ್ಳುವ ಯಜಮಾನರು ಗುರುಪಾದಯ್ಯ ಅಂತ. ಅವರು ಕೋಲು ಹಿಡಿದು ಆಡುಗಳನ್ನು ಅಟ್ಟುತ್ತ, "ನೋಡ್ರಪ್ಪ, ಮೂಕಪ್ರಾಣಿಗೂ ಗೊತ್ತು ಯಾರ ಹಾಡಲ್ಲಿ ರುಚಿ ಇದೆ ಅಂತ" ಅನ್ನುತ್ತಿದ್ದರು.

ಪಕ್ಕದ ಹಗ್ಗ ಇನ್ನಾಸಮ್ಮನದು. ಅದರ ಮೇಲೆ ಕಾಗೆ ಕೂರುತ್ತಿತ್ತು.

ಇನ್ನಾಸಮ್ಮನಿಗೆ ಪೇಟೆಬೀದಿಯಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ. ಗಟ್ಟಿ ತೋಳು, ಕೊರಳಲ್ಲಿ ಕಪ್ಪು ದಾರದ ಶಿಲುಬೆ, ಬಾಯಿ ಸ್ವಲ್ಪ ಜೋರು. ಚಿಕೋರಿ ಜಾಸ್ತಿ ಹಾಕು ಅಂದವರಿಗೆ, "ಹಂಗಾದ್ರೆ ಒಲೆ ಬೂದಿ ತಗೊಂಡ್ಹೋಗಿ, ಇನ್ನೂ ಕಪ್ಪಗಿರ್ತದೆ" ಅನ್ನುವವಳು. ಅವಳಿನ್ನೂ ಹುಡುಗಿಯಾಗಿದ್ದಾಗ ದೊಡ್ಡ ದೋಣಿಯೊಂದು ದಾರಿ ತಪ್ಪಿ ನಮ್ಮ ಹೊಳೆಗೆ ಬಂದು ಮರಳಲ್ಲಿ ಹೂತುಕೊಂಡಿತಂತೆ. ದೋಣಿಯಲ್ಲೊಂದು ಪಿಯಾನೊ, ಅದನ್ನು ಬಾರಿಸುವ ಒಬ್ಬ ಅಡುಗೆಯವನು. ಮಳೆ ಬಂದು ನೀರು ಏರುವ ತನಕ ಅವನು ನಮ್ಮೂರಲ್ಲೇ ಇದ್ದ. ಅವನ ಭಾಷೆ ಯಾರಿಗೂ ಬಾರದು. ತಾನು ಬಾರಿಸುವುದಕ್ಕೆ ಬ್ಲೂಸ್ ಅನ್ನುತ್ತಾರೆ ಎಂಬ ಒಂದು ಮಾತನ್ನಷ್ಟೇ ಊರಿಗೆ ತಿಳಿಸಲು ಅವನಿಂದಾದದ್ದು. ಹೊರಡುವಾಗ ದೋಣಿ ಹಗುರವಾಗಲಿ ಅಂತ ಪಿಯಾನೊವನ್ನು ಚಾವಡಿಗೆ ಬಿಟ್ಟುಹೋದ. ಅಷ್ಟರಲ್ಲಿ ಅವನ ಕೈಯಲ್ಲಿದ್ದ ವಿದ್ಯೆಯೆಲ್ಲ ಇನ್ನಾಸಮ್ಮನ ಕೈಗೆ ಬಂದಿತ್ತು.

ಪಿಯಾನೊವನ್ನು ಚಾವಡಿಯ ಹಿಂದಿನ ಮೂಲೆಯಲ್ಲಿ, ಎಲ್ಲರೂ ಚಪ್ಪಲಿ ಬಿಡುವ ಜಾಗದ ಪಕ್ಕಕ್ಕೆ ಇಟ್ಟಿದ್ದರು. ಪರಂಜ್ಯೋತಿಯವರ ಹಾಡು ಮುಗಿದ ಮೇಲೆ, ದೀಪ ಹಚ್ಚುವುದಕ್ಕೆ ಮುಂಚೆ, ಇನ್ನಾಸಮ್ಮನ ಸರದಿ. ಆ ಹೊತ್ತಿಗೆ ಜನ ಏಳುತ್ತಿದ್ದರು. ಕರವಸ್ತ್ರ ಹಿಂಡುತ್ತಿದ್ದರು. ಚಪ್ಪಲಿ ಹುಡುಕುತ್ತ, "ನಿಮ್ಮನೇಲಿ ಇವತ್ತು ಏನು ಸಾರು?" ಅಂತ ಮಾತಾಡಿಕೊಳ್ಳುತ್ತ ಮೆಟ್ಟಿಲು ಇಳಿಯುತ್ತಿದ್ದರು. ಪಿಯಾನೊ ಅಂದರೆ ನಮಗೆಲ್ಲ ಎದ್ದು ಹೋಗುವಾಗ ಹಿಂದೆ ಕೇಳಿಸುವ ಸದ್ದು, ಬಾಗಿಲು ಹಾಕಿಕೊಳ್ಳುವ ಸದ್ದಿನ ಹಾಗೆ. ಅದು ಕೇಳಿ ಯಾರೂ ಅತ್ತಿರಲಿಲ್ಲ. ಅಳಿಸದ ಸಂಗೀತ ಎಂಥ ಸಂಗೀತ ಅಂತ ಊರಿನ ಲೆಕ್ಕ.

ಈಗ ಚಾವಡಿಯ ಕಟ್ಟಳೆ ಹೇಳಬೇಕು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯ ತನಕ ಒಂದಾದರೂ ಕರವಸ್ತ್ರ ಬೀಳದ ಹಗ್ಗವನ್ನು ಬಿಚ್ಚಿಬಿಡಬೇಕು. ಹಗ್ಗ ಹೋದರೆ ಚಾವಡಿಯಲ್ಲಿ ಜಾಗವೂ ಹೋದ ಹಾಗೆ. ಇನ್ನಾಸಮ್ಮನ ಹಗ್ಗ ಇಷ್ಟು ವರ್ಷ ಉಳಿದದ್ದು ನಮ್ಮಜ್ಜಿಯಿಂದ. ವರ್ಷಕ್ಕೊಂದು ಸಲ ಅವಳು ತನ್ನ ಕರವಸ್ತ್ರವನ್ನು ಅದರ ಮೇಲೆ ಹಾಕಿ ಬರುತ್ತಿದ್ದಳು. ಆದರೆ ಈ ವರ್ಷ ಅಜ್ಜಿಯ ಮಂಡಿ ಪೂರ್ತಿ ಹಿಡಿದುಕೊಂಡಿತು. ದಿಬ್ಬ ಹತ್ತುವುದಿರಲಿ, ಹಿತ್ತಲಿಗೆ ಹೋಗುವುದಕ್ಕೇ ನನ್ನ ಹೆಗಲು ಬೇಕಾಯಿತು.

"ಸಂಪಿಗೆ, ಒಂದು ಮಾತು ಕೊಡು," ಅಂದಳು ಒಂದು ದಿನ, ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ. "ಯುಗಾದಿ ಒಳಗೆ ಇನ್ನಾಸಿ ಹಗ್ಗದ ಮೇಲೆ ಒಂದು ಬಟ್ಟೆ ಹಾಕ್ಬೇಕು."

"ಅಷ್ಟೇ ತಾನೆ? ನಾಳಿದ್ದು ಮಂಗಳವಾರ, ಹಾಕ್ತೀನಿ ಬಿಡು."

"ತಾಳು. ನಾನು ಹಾಕ್ತಿದ್ದೆನಲ್ಲ, ಅದು ಪರಂಜ್ಯೋತಿ ಹಾಡಿಗೆ ಒದ್ದೆಯಾದ ಬಟ್ಟೆ. ಅತ್ತಿದ್ದು ಅವನಿಗೆ, ಹಾಕಿದ್ದು ಇವಳಿಗೆ. ಅದು ಇನ್ನಾಸಿಗೂ ಗೊತ್ತು. ಒಂದಿನ ನನ್ನ ತಡೆದು, 'ಹಾಲಮ್ಮಕ್ಕ, ಯಾರೋ ಉಟ್ಟು ಬಿಟ್ಟ ಸೀರೇನ ನಂಗೆ ಉಡಿಸ್ಬೇಡಿ' ಅಂದ್ಲು. ಅವತ್ತಿಂದ ನಂಗೆ ಆ ಮಾತು ಮರೆಯಕ್ಕಾಗಿಲ್ಲ. ನೀನು ಹಾಕೋದು ನಿಜವಾಗ್ಲೂ ಅವಳದ್ದೇ ಆಗಿರ್ಬೇಕು."

ನಾನು ಎಣ್ಣೆಗೈಯಲ್ಲೇ ಅವಳ ಅಂಗೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ. ಅಳುವುದು ಏನು ಮಹಾ ಕೆಲಸ ಅಂದುಕೊಂಡಿದ್ದೆ.

ನನ್ನ ಹತ್ತಿರ ಒಂದು ಒಳ್ಳೆಯ ದುಃಖವೂ ಇತ್ತು. ನೇಕಾರ ಬೀದಿಯ ಒಬ್ಬ ಹುಡುಗನ ಜೊತೆ ನಾನು ಮನಸ್ಸಿನಲ್ಲೇ ಮನೆ ಕಟ್ಟಿ, ಆ ಮನೆಗೆ ಮಲ್ಲಿಗೆ ಚಪ್ಪರವನ್ನೂ ಹಾಕಿದ್ದೆ. ಅವನು ಅದೇನೂ ತಿಳಿಯದೆ ಬೇರೆ ಊರಿನ ಹುಡುಗಿಯನ್ನು ಮದುವೆಯಾದ. ಆ ದುಃಖವನ್ನು ನಾನು ಇನ್ನೂ ಯಾವ ಮಂಗಳವಾರಕ್ಕೂ ಖರ್ಚು ಮಾಡಿರಲಿಲ್ಲ. ಆ ಮಂಗಳವಾರ ಅದನ್ನು ಹಾಗೇ ಕಟ್ಟಿಕೊಂಡು ಚಾವಡಿಗೆ ಹೋಗಿ, ಪರಂಜ್ಯೋತಿಯವರು ಹಾಡುವಾಗ ಹೊರಗೆ ಮೆಟ್ಟಿಲ ಮೇಲೆ ಕಿವಿ ಮುಚ್ಚಿ ಕೂತಿದ್ದು, ಇನ್ನಾಸಮ್ಮ ಪಿಯಾನೊ ಮುಚ್ಚಳ ತೆಗೆದದ್ದೇ ಒಳಗೆ ಹೋಗಿ ಚಪ್ಪಲಿಗಳ ನಡುವೆ, ಅವಳ ಮಣೆಯ ಪಕ್ಕದಲ್ಲೇ ಕೂತೆ.

ಅಷ್ಟು ಹತ್ತಿರದಿಂದ ಅದನ್ನು ನಾನು ಕೇಳಿದ್ದು ಅದೇ ಮೊದಲು. ಅವಳ ಎಡಗೈ ನಡೆಯಲು ಶುರು ಮಾಡಿತು. ಅದು ನಡಿಗೆಯೇ. ಭಾರದ ಮೂಟೆ ಹೊತ್ತವರು ಏರಿನಲ್ಲಿ ಅವಸರ ಮಾಡದೆ ಹೆಜ್ಜೆ ಊರುತ್ತಾರಲ್ಲ, ಹಾಗೆ. ಬಲಗೈ ಅದರ ಪಕ್ಕದಲ್ಲಿ ಗೊಣಗುತ್ತಿತ್ತು. ಒಮ್ಮೆ ದೂರು ಹೇಳುವುದು, ಒಮ್ಮೆ ತಡವರಿಸಿ ನಿಲ್ಲುವುದು, ಇನ್ನೇನು ಬಿಕ್ಕುತ್ತದೆ ಅನ್ನುವಾಗ ಪಿಯಾನೊದ ಒಂದು ಬಿಳಿ ಕೀಲಿಯ ಅಂಚಿಗೆ ಬೆರಳು ಜಾರಿಸಿ ಕಿಸಕ್ಕನೆ ನಗುವುದು. ಎಡಗೈ ಮಾತ್ರ ಯಾವುದಕ್ಕೂ ತಿರುಗಿ ನೋಡುತ್ತಿರಲಿಲ್ಲ. ಬಾ, ಬಾ, ಮಾತಾಡ್ತಾನೇ ಬಾ ಅಂದ ಹಾಗೆ ನಡೆದೇ ನಡೆಯಿತು. ನಾನು ನೇಕಾರ ಬೀದಿಯ ಹುಡುಗನನ್ನು ನೆನೆದೆ. ಅವನ ಮುಖ ಬಂತು. ಎದೆ ಭಾರವಾಯಿತು. ಕಣ್ಣು ತುಂಬಿತು ಅನ್ನುವಾಗ ಅವನಿಗೆ ಕಿವಿ ಸ್ವಲ್ಪ ಅಗಲ ಅನ್ನುವುದು ನೆನಪಾಯಿತು. ನನ್ನ ಕಾಲ್ಬೆರಳು ನೆಲ ತಟ್ಟುತ್ತಿತ್ತು. ಪಿಯಾನೊ ನಿಂತಾಗ ನನ್ನ ಕರವಸ್ತ್ರ ಮಡಿಕೆ ಬಿಚ್ಚದೆ ಹಾಗೇ ಇತ್ತು, ಜೋಪಾನವಾಗಿ ತಂದ ದುಃಖ ಎಲ್ಲಿ ಹೋಯಿತೋ ಕಾಣಲಿಲ್ಲ. ಮನೆಗೆ ಬರುವಾಗ ಹಸಿವಾಗಿತ್ತು.

ಮರುದಿನ ಕಾಫಿಪುಡಿ ಅಂಗಡಿಗೆ ಹೋದೆ. ಇನ್ನಾಸಮ್ಮ ಹುರಿದ ಬೀಜವನ್ನು ಮೊರದಲ್ಲಿ ಕೇರುತ್ತಿದ್ದಳು.

"ಅತ್ತೆ, ಮುಂದಿನ ಮಂಗಳವಾರ ಏನಾದ್ರೂ ಅಳು ಬರೋ ಅಂಥದ್ದು ಬಾರಿಸ್ತೀರಾ? ನಿಧಾನವಾಗಿ?"

ಅವಳು ಮೊರ ಕೆಳಗಿಟ್ಟಳು. "ನಿಮ್ಮಜ್ಜಿ ಕಳಿಸಿದ್ಲಾ?"

"ಇಲ್ಲ. ಹೂಂ."

"ನೋಡು ಸಂಪಿ, ಅಳಿಸೋದು ನಂಗೆ ಬರಲ್ಲ ಅಂತ ತಿಳ್ಕೊಂಡ್ಯಾ? ಕಾಫಿಬೀಜ ಸೀದುಹೋಗೋ ಅಷ್ಟು ಹೊತ್ತಲ್ಲಿ ಇಡೀ ಚಾವಡೀನ ಅಳಿಸ್ತೀನಿ. ಆದ್ರೆ ಬ್ಲೂಸ್ ಅದಕ್ಕಿರೋದಲ್ಲ. ದುಃಖಕ್ಕೆ ಕೂತ್ಕೊಳಕ್ಕೆ ಮಣೆ ಹಾಕೋರು ಬೇಕಾದಷ್ಟು ಜನ ಇದಾರೆ. ನಾನು ಅದಕ್ಕೆ ಚಪ್ಪಲಿ ಕೊಡ್ತೀನಿ. ಎದ್ದು ನಡೀಲಿ ಅಂತ."

"ಹಗ್ಗ ಬಿಚ್ತಾರಂತೆ ಅತ್ತೆ."

"ಬಿಚ್ಲಿ." ಮೊರ ಎತ್ತಿಕೊಂಡಳು. ಆದರೆ ಕೇರುವ ಕೈ ಸ್ವಲ್ಪ ಹೊತ್ತು ತಾಳ ತಪ್ಪಿತ್ತು. ಅವಳ ಮನೆಯಲ್ಲಿ ಪಿಯಾನೊ ಇರಲಿಲ್ಲ. ಇದ್ದದ್ದು ಚಾವಡಿಯದು ಒಂದೇ. ಹಗ್ಗ ಬಿಚ್ಚಿದರೆ ಅವಳು ಆ ಮಣೆಯ ಮೇಲೆ ಮತ್ತೆ ಕೂರುವ ಹಾಗಿರಲಿಲ್ಲ. ಪಿಯಾನೊವನ್ನು ಒಡೆದು ಒಳ್ಳೆಯ ಬೆಂಚು ಮಾಡಬಹುದು ಅಂತ ಗುರುಪಾದಯ್ಯನವರು ಬಡಗಿಯನ್ನು ಕೇಳಿಯೂ ಆಗಿತ್ತು. ನನಗೆ ಅದು ಅಂಗಡಿಯಲ್ಲಿ ನಿಂತಾಗಲೇ ಮನಸ್ಸಿಗೆ ನಾಟಿದ್ದು. ಅಜ್ಜಿಗೆ ಕೊಟ್ಟ ಮಾತು ನನಗೆ ಆಗ ನಿಜವಾಗಿ ಭಾರವಾಯಿತು.

ಯುಗಾದಿಗೆ ಮುಂಚಿನ ವಾರದ ಮಂಗಳವಾರ ಗುರುಪಾದಯ್ಯನವರು ಪಿಯಾನೊ ಹತ್ತಿರ ಬಂದು, ಕೆಟ್ಟದಾಗಿ ಏನಲ್ಲ, ಮೆತ್ತಗೇ ಹೇಳಿದರು. "ಇನ್ನಾಸಮ್ಮ, ಹೆಂಗೂ ಮುಂದಿನ ವಾರ ಹಗ್ಗ ಬಿಚ್ಬೇಕಲ್ಲ. ಇವತ್ತೇ ನೀವು ಆರಾಮ ತಗೊಳಿ. ದೀಪ ಹಚ್ಚೋ ತನಕ ಪರಂಜ್ಯೋತಿಯವ್ರೇ ಹಾಡ್ತಾರೆ. ಜನಕ್ಕೂ ರೂಢಿ ಆಗ್ತದೆ."

ಇನ್ನಾಸಮ್ಮ ಮುಚ್ಚಳ ಹಾಕಿದಳು. ಯಾರ ಮುಖವನ್ನೂ ನೋಡದೆ, ತನ್ನ ಚಪ್ಪಲಿ ಮೆಟ್ಟಿಕೊಂಡು ದಿಬ್ಬ ಇಳಿದು ಹೋದಳು.

ಆ ದಿನ ಪರಂಜ್ಯೋತಿಯವರು ಹಾಡಿದ ಹಾಗೆ ಎಂದೂ ಹಾಡಿರಲಿಲ್ಲ ಅಂತ ಎಲ್ಲರೂ ಒಪ್ಪುತ್ತಾರೆ. ಇಡೀ ಮಧ್ಯಾಹ್ನ, ಇಡೀ ಸಂಜೆ. ನನಗೆ ನೇಕಾರ ಬೀದಿಯ ಹುಡುಗ ಅಗಲ ಕಿವಿಯಿಲ್ಲದೆ ಪೂರ್ತಿ ಚೆಲುವನಾಗಿ ಮರಳಿ ಬಂದ. ಪಕ್ಕದ ಮುದುಕಿ ಎಂದೋ ಸತ್ತ ಹಸುವಿಗೆ ಅತ್ತಳು. ಗುರುಪಾದಯ್ಯನವರೇ ಕೋಲಿಗೆ ಹಣೆ ಒತ್ತಿ ಅತ್ತರು. ಅಳು ಉಕ್ಕಿ ಉಕ್ಕಿ ಬರುತ್ತಿರುವಾಗಲೇ ಕೆಳಗೆ ಬೀದಿಯಲ್ಲಿ ಮೊದಲ ದೀಪ ಹೊತ್ತಿಕೊಂಡಿತು, ಯಾರೋ ಕತ್ತರಿಸಿದ ಹಾಗೆ ಎಲ್ಲರ ಕಣ್ಣೀರು ನಿಂತಿತು. ಕಣ್ಣಲ್ಲಿ ನಿಂತಿತು ಅಷ್ಟೇ. ಉಳಿದದ್ದು ಗಂಟಲಿಗೆ ಬಂದು ಕೂತಿತು. ಇಡೀ ಕಡುಬು ನುಂಗಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡ ಹಾಗೆ. ಜನ ಒಬ್ಬರನ್ನೊಬ್ಬರು ನೋಡಿದರು. ಪರಂಜ್ಯೋತಿಯವರ ಹಗ್ಗ ಒದ್ದೆ ಬಟ್ಟೆಯ ಭಾರಕ್ಕೆ ಕಿತ್ತು ಬಿತ್ತು.

ಬುಧವಾರ ಊರಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಗುರುವಾರವೂ ಇಳಿಯಲಿಲ್ಲ. ಹೊಸ ಅಕ್ಕಿಯ ದೋಷ ಅಂದರು. ಹೊಳೆಯ ಕಡೆಯ ಗಾಳಿ ಅಂದರು. ಅನ್ನುವುದಾದರೂ ಏನು, ಮಾತೆಲ್ಲ ಒಡೆದ ಕೊಳವೆಯಲ್ಲಿ ಊದಿದ ಹಾಗೆ ಬರುತ್ತಿತ್ತು. ತರಕಾರಿ ಮಾರುವವನು ಕೂಗುವುದು ಬಿಟ್ಟು ಬದನೆಕಾಯಿ ಎತ್ತಿ ತೋರಿಸಿಕೊಂಡು ಬೀದಿ ಸುತ್ತಿದ. ಮನೆಮನೆಯಲ್ಲೂ ಗಂಜಿ. ಹೊಸಿಲ ಮೇಲೆ ಕೂತ ಜನರ ಮುಖದಲ್ಲಿ ಏನೋ ಅರ್ಧ ಹೇಳಿ ನಿಲ್ಲಿಸಿದ ಹಾಗೆ ಇತ್ತು.

ನಮ್ಮಜ್ಜಿ ಮಾತ್ರ ಮಂಡಿನೋವಿನಿಂದ ಚಾವಡಿಗೆ ಹೋಗದವಳು, ರಾಗಿಮುದ್ದೆ ನುಂಗಿ ಆರಾಮಾಗಿದ್ದಳು. ನನ್ನ ಗಂಟಲು ಮುಟ್ಟಿ ನೋಡಿದಳು. "ಗಂಟಲಗಂಟು," ಅಂದಳು. "ನಾನು ಹುಡುಗಿಯಾಗಿದ್ದಾಗ ಅರ್ಧ ಊರಿಗೆ ಇದೇ. ನಿಮ್ಮಜ್ಜ ಹೋದಾಗ ನಂಗೆ ಒಂದು ತಿಂಗಳು ಅನ್ನ ಸೇರ್ಲಿಲ್ಲ ಕಣೆ, ಮಂಗಳವಾರ ಬರೋದು, ಅಳೋದು, ದೀಪ ಹಚ್ಚೋದು, ಮತ್ತೆ ಸಿಕ್ಕಿಕೊಳ್ಳೋದು. ಸಾಯ್ತೀನಿ ಅಂತ್ಲೇ ಮಾಡಿದ್ದೆ. ಆಗ ಆ ಇನ್ನಾಸಿ, ಲಂಗ ಹಾಕ್ಕೊಂಡಿದ್ದ ಹುಡುಗಿ, ಮೊದಲನೇ ಸಲ ಚಾವಡೀಲಿ ಬಾರಿಸಿದ್ಲು. ಮನೆಗೆ ಬಂದು ಒಂದು ತಪ್ಪಲೆ ಅನ್ನ ತಿಂದೆ. ಅಳೋದಕ್ಕೆ ಯಾರ ಹಂಗೂ ಬೇಡ ಸಂಪಿಗೆ, ಮಂಗಳವಾರ ಬಂದ್ರೆ ತಾನೇ ಬರ್ತದೆ. ಅದನ್ನ ಮುಗಿಸಿ ಕಳಿಸೋದಕ್ಕೆ ಜನ ಬೇಕು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಅಂತ ಕೊಳವೆ ಸ್ವರದಲ್ಲಿ ಕೇಳಿದೆ.

"ಹೇಳಿದೀನಿ. 'ಹಾಲಮ್ಮಜ್ಜಿ ಕಥೆ' ಅಂತ ನಕ್ಕರು. ಹೊಟ್ಟೆ ತುಂಬಿದೋರಿಗೆ ಹಸಿವಿನ ಕಥೆ ಹೇಳಿದ್ರೆ ನಗದೆ ಇನ್ನೇನು?"

ನಾನು ಗುರುಪಾದಯ್ಯನವರ ಮನೆಗೆ ಹೋಗಿ ಹೇಳಿದೆ. ಅವರು ಗಂಜಿಬಟ್ಟಲ ಮೇಲಿಂದ ನನ್ನನ್ನು ನೋಡಿ, ಕಷ್ಟಪಟ್ಟು, "ಗಂಟಲಿಗೂ ಪಿಯಾನೊಗೂ ಏನಮ್ಮ ನಂಟು?" ಅಂದರು. ಅಲ್ಲಿಂದ ಕಾಫಿಪುಡಿ ಅಂಗಡಿಗೆ ಹೋದೆ. ಇನ್ನಾಸಮ್ಮ ಪುಡಿ ಮಾಡುವ ಯಂತ್ರದ ಅಚ್ಚಿಗೆ ಎಣ್ಣೆ ಬಿಡುತ್ತಿದ್ದಳು. ಊರೆಲ್ಲ ಗಂಜಿ ಕುಡಿಯುವಾಗ ಕಾಫಿ ಯಾರಿಗೆ ಬೇಕು, ಅಂಗಡಿ ಭಣಭಣ. "ಬನ್ನಿ ಅತ್ತೆ, ಮಂಗಳವಾರ ಬಾರಿಸಿ," ಅಂತ ಕೇಳಿಕೊಂಡೆ.

"ಯಾರು ಕರೀತಿರೋದು? ನೀನಾ? ನೀನು ಚಾವಡಿ ಯಜಮಾನಿ ಆದದ್ದು ಯಾವಾಗ?"

ಅಷ್ಟರಲ್ಲಿ ಹೊಸಿಲಲ್ಲಿ ಬಿಳಿ ಜುಬ್ಬ ಕಾಣಿಸಿತು. ಅದಕ್ಕೆ ಇಸ್ತ್ರಿ ಇರಲಿಲ್ಲ. ಪರಂಜ್ಯೋತಿಯವರು ಒಳಗೆ ಬಂದು, ಬೀಜದ ಚೀಲದ ಮೇಲೆ ಕೂತರು. ಊರಿನ ದೊಡ್ಡ ದನಿ ಅನ್ನಿಸಿಕೊಂಡವರ ಬಾಯಿಂದ ಉಸಿರು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ಅವರು ಒಂದೊಂದೇ ಮಾತನ್ನು ಎತ್ತಿ ಇಡುವ ಹಾಗೆ ಹೇಳಿದರು.

"ನಾನು ಹಾಡ್ತಾ ಜನಾನ ಆಳಕ್ಕೆ ಇಳಿಸ್ತೀನಿ. ಎಷ್ಟು ಬೇಕಾದ್ರೂ ಇಳಿಸಬಹುದು ಅನ್ನೋ ಧೈರ್ಯ ನಂಗೆ. ಯಾಕಂತ ಯಾವತ್ತೂ ಯೋಚ್ನೆ ಮಾಡ್ಲಿಲ್ಲ. ಮೊನ್ನೆ ದೀಪ ಹಚ್ಚಿದಾಗ ಹಿಂದಕ್ಕೆ ತಿರುಗಿ ನೋಡ್ದೆ. ನಿಮ್ಮ ಮಣೆ ಖಾಲಿ ಇತ್ತು. ಬಾವಿಗೆ ಇಳಿಸಿ ಏಣಿ ತೆಗೆದ ಹಂಗಾಯ್ತು, ಇನ್ನಾಸಮ್ಮ."

ಇನ್ನಾಸಮ್ಮ ಎಣ್ಣೆಬಟ್ಟೆಯಲ್ಲಿ ಬೆರಳು ಒರೆಸಿಕೊಂಡಳು, ಒಂದೊಂದೇ ಬೆರಳು. "ಏಣಿ ಅಂತ ಇವತ್ತು ಗೊತ್ತಾಯ್ತಾ ವಿದ್ವಾಂಸರಿಗೆ?"

"ಇವತ್ತು ಗೊತ್ತಾಯ್ತು."

"ಗುರುಪಾದಯ್ಯಂಗೆ?"

"ನಾನು ಹೇಳ್ತೀನಿ. ನನ್ನ ಮಾತು ಕೇಳ್ತಾರೆ."

"ಹಂಗಾದ್ರೆ ಇದನ್ನೂ ಹೇಳಿ. ಬರ್ತೀನಿ. ಆದ್ರೆ ನಾನು ಬಾರಿಸ್ತಾ ಇರೋವಾಗ ಒಬ್ರೂ ಏಳಬಾರ್ದು. ಒಬ್ರೂ ಚಪ್ಪಲಿ ಹುಡುಕಬಾರ್ದು. ಸಾರಿನ ವಿಚಾರ ಮನೆಗೆ ಹೋಗಿ ಮಾತಾಡ್ಲಿ. ಇಷ್ಟು ವರ್ಷ ಜನಗಳ ಬೆನ್ನಿಗೆ ಬಾರಿಸಿದೀನಿ. ಒಂದು ಸಲ ಮುಖಕ್ಕೆ ಬಾರಿಸ್ತೀನಿ. ಹಗ್ಗ ಬಿಚ್ಚೋದಿದ್ರೆ ಆಮೇಲೆ ಬಿಚ್ಕೊಳ್ಳಿ."

ಪರಂಜ್ಯೋತಿಯವರು ಎದ್ದು ಕೈಮುಗಿದರು. ಇನ್ನಾಸಮ್ಮ ಕೈ ಮುಗಿಯಲಿಲ್ಲ. ಒಲೆಯ ಮೇಲಿಂದ ಬಿಸಿ ಕಾಫಿ ಬಗ್ಗಿಸಿ ಅವರ ಮುಂದಿಟ್ಟಳು. "ಇಳಿಯಲ್ಲ ಅಂತ ಗೊತ್ತು. ವಾಸನೆ ತಗೊಳಿ," ಅಂದಳು.

ಯುಗಾದಿಯ ಮುಂಚಿನ ದಿನವೇ ಮಂಗಳವಾರ ಬಿದ್ದಿತ್ತು. ಅಜ್ಜಿ ತಾನೂ ಬರುತ್ತೇನೆ ಅಂತ ಹಟ ಹಿಡಿದಳು. ಬೀಜದ ಮೂಟೆ ಸಾಗಿಸುವ ಕೈಗಾಡಿಯಲ್ಲಿ ಅವಳನ್ನು ಕೂರಿಸಿ ದಿಬ್ಬ ಹತ್ತಿಸಿದೆವು. "ಮೆಲ್ಲಗೆ ತಳ್ರೇ, ನಾನೇನು ಚಿಕೋರಿ ಚೀಲ ಅಲ್ಲ," ಅನ್ನುತ್ತ ಬಂದಳು. ಚಾವಡಿ ತುಂಬಿ ಹೊರಗಿನ ಅಂಗಳದಲ್ಲೂ ಜನ. ಪರಂಜ್ಯೋತಿಯವರು ತಂಬೂರಿ ಮಾತ್ರ ಮೀಟಿದರು, ಅಷ್ಟೇ ಸಾಕಾಯಿತು. ವಾರವಿಡೀ ಸಿಕ್ಕಿಕೊಂಡಿದ್ದದ್ದೆಲ್ಲ ಕಣ್ಣಿಗೆ ಬಂತು. ನಾನೂ ಅತ್ತೆ. ನನ್ನ ಕರವಸ್ತ್ರ ನೆನೆದು, ಹಿಂಡಿ, ಮತ್ತೆ ನೆನೆಯಿತು. ಅತ್ತಷ್ಟೂ ಗಂಟು ಕರಗಲಿಲ್ಲ, ಕೆಳಗಿನಿಂದ ಹೊಸದಾಗಿ ಬಂದು ತುಂಬಿಕೊಳ್ಳುತ್ತಿತ್ತು. ಹೊರಗೆ ಬಿಸಿಲು ಕಂದತೊಡಗಿದಾಗ ಜನ ಹೆದರಿದ ಕಣ್ಣಲ್ಲಿ ಬೀದಿಯ ಕಡೆ ನೋಡಿದರು.

ಪರಂಜ್ಯೋತಿಯವರು ತಂಬೂರಿ ಕೆಳಗಿಟ್ಟು, ಕೂತಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ, ಪಿಯಾನೊಗೆ ಮುಖ ಮಾಡಿ ಕೂತರು. ಅವರನ್ನು ನೋಡಿ ಮುಂದಿನ ಸಾಲಿನವರು ತಿರುಗಿದರು. ಸಾಲು ಸಾಲಾಗಿ ಇಡೀ ಚಾವಡಿ ತಿರುಗಿತು. ಚಪ್ಪಲಿ ಬಿಡುವ ಮೂಲೆ ಒಂದು ಕ್ಷಣದಲ್ಲಿ ಚಾವಡಿಯ ಮುಂಭಾಗವಾಯಿತು. ಇನ್ನಾಸಮ್ಮ ಹೊಸ ಸೀರೆ ಉಟ್ಟಿದ್ದಳು. ಅವಳು ಜನರನ್ನು ಒಮ್ಮೆ ಈ ತುದಿಯಿಂದ ಆ ತುದಿಯ ತನಕ ನೋಡಿ, ಅವಸರವಿಲ್ಲದೆ ತೋಳು ಮೇಲೇರಿಸಿಕೊಂಡು ಬಾರಿಸಲು ಶುರು ಮಾಡಿದಳು.

ಮೊದಲು ಎಡಗೈ ಒಂದೇ. ಅದು ಬಂದು ಪ್ರತಿಯೊಬ್ಬರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತ ಹಾಗಿತ್ತು. ಆಮೇಲೆ ಬಲಗೈ ಸೇರಿತು. ಅ್ಯಾ ಅಂತ ಎಳೆದು ಅಳುವ ಒಂದು ಸ್ವರವನ್ನು ಅದು ಹಿಡಿದುಕೊಂಡಿತು; ಇಡೀ ಊರಿನ ಗಂಟಲಲ್ಲಿದ್ದ ಸ್ವರ ಅದೇ. ಕೈಬಿಡಲಿಲ್ಲ, ಮುದ್ದಿಸಲೂ ಇಲ್ಲ. ಅದನ್ನೇ ಹಿಡಿದು ಕಪ್ಪು ಕೀಲಿಗಳ ಮೇಲೆ ಹತ್ತಿಸಿ, ಬಿಳಿ ಕೀಲಿಗೆ ಜಾರಿಸಿ, ನೋಡು, ನೀನು ಇಷ್ಟೇ ಇರೋದು ಅಂತ ತೋರಿಸಿ, ಎಡಗೈಯ ನಡಿಗೆಗೆ ಜೊತೆ ಮಾಡಿ ಕಳಿಸಿತು. ಪಿಯಾನೊ ನಗುತ್ತಿತ್ತು. ಅಳುವಿನ ಬಾಯಿಂದಲೇ ನಗುತ್ತಿತ್ತು. ಹಸುವಿಗೆ ಅತ್ತಿದ್ದ ಮುದುಕಿ ಮೊದಲು ತಲೆ ಆಡಿಸಿದಳು. ಆಮೇಲೆ ಯಾರದೋ ಅಂಗೈ ತೊಡೆಯ ಮೇಲೆ ತಾಳ ಹಿಡಿಯಿತು, ಅದರ ಹಿಂದೆ ಇನ್ನೊಂದು. ನನ್ನ ಗಂಟಲಿನಿಂದ ಏನೋ ಮೆತ್ತಗೆ ಕೆಳಗಿಳಿದು ಹೋಯಿತು. ಪಕ್ಕದಲ್ಲಿ ಗುರುಪಾದಯ್ಯನವರು ದೊಡ್ಡದಾಗಿ ಗುಟುಕರಿಸಿದ್ದು ಕೇಳಿಸಿತು. ಅವರು ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು.

ಬೀದಿಯಲ್ಲಿ ದೀಪ ಯಾವಾಗ ಹೊತ್ತಿಕೊಂಡಿತೋ ಯಾರೂ ನೋಡಲಿಲ್ಲ. ಇನ್ನಾಸಮ್ಮ ಕೊನೆಯ ಸ್ವರದ ಮೇಲೆ ಬೆರಳು ಇಟ್ಟುಕೊಂಡೇ ಇದ್ದಳು, ಅದು ತಾನಾಗಿ ಹೋಗುವ ತನಕ. ಒಬ್ಬರೂ ಏಳಲಿಲ್ಲ. ಕೈಗಾಡಿಯಿಂದ ಅಜ್ಜಿ, "ಇನ್ನಾಸಿ, ಹಸಿವಾಯ್ತು ಕಣೆ," ಅಂದಳು. ಅದಕ್ಕೆ ಎಲ್ಲರೂ ನಕ್ಕರು. ವಾರದ ಮೇಲೆ ಊರು ತನ್ನ ಸ್ವಂತ ದನಿಯಲ್ಲಿ ನಕ್ಕದ್ದು. ಇನ್ನಾಸಮ್ಮ ನಗಲಿಲ್ಲ. ಹೊಸ ಸೀರೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ರಾಣಿಯ ಹಾಗೆ. ನಮ್ಮೂರಲ್ಲಿ ಇಂಥವಳೊಬ್ಬಳು ಇದ್ದಾಳೆ ಅನ್ನುವ ಹೆಮ್ಮೆಗೆ ನನ್ನ ಕೊರಳು ಉದ್ದವಾಯಿತು.

ಆದರೆ ಅಜ್ಜಿಗೆ ಕೊಟ್ಟ ಮಾತು ಇನ್ನೂ ಬಾಕಿ ಇತ್ತು. ನಾನು ಅಂಗಳಕ್ಕೆ ಇಳಿದು ಇನ್ನಾಸಮ್ಮನ ಹಗ್ಗದ ಮುಂದೆ ನಿಂತು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕರವಸ್ತ್ರ ತೆಗೆದೆ. ಅದು ಒಣಗಿತ್ತು. ಪಿಯಾನೊ ಕೇಳುತ್ತ ಕೇಳುತ್ತ ಮೈಬಿಸಿಗೆ ಗರಿಗರಿಯಾಗಿ ಒಣಗಿ, ಉಪ್ಪಿನ ಬಿಳಿ ಗೆರೆ ಮಾತ್ರ ಉಳಿದಿತ್ತು. ಹಿಂದಿನಿಂದ ಗುರುಪಾದಯ್ಯನವರು ಬಂದರು. ದನಿ ಮೆತ್ತಗಾಗಿತ್ತು, ಆದರೂ ಯಜಮಾನಿಕೆ ಬಿಡಲಾರರು.

"ಒದ್ದೆ ಬಟ್ಟೆ ಹಾಕ್ಬೇಕಮ್ಮ. ಕಟ್ಟಳೆ ಅದು. ನಂಗೂ ಬೇಜಾರೇ, ಆದ್ರೆ ಒಣಬಟ್ಟೆಗೆ ಏನರ್ಥ?"

"ಬಂದಾಗ ಒದ್ದೆ ಇತ್ತು ಅಯ್ಯನೋರೆ. ಒಣಗಿಸಿದ್ದು ಅವರು," ಅಂದೆ. "ಒದ್ದೆ ಮಾಡೋದನ್ನ ಮಂಗಳವಾರವೇ ಮಾಡ್ತದೆ. ಇದು ಅವರದ್ದು. ಪೂರ್ತಿ ಅವರದ್ದೇ."

ಅವರು ಕರವಸ್ತ್ರವನ್ನು ಕೈಗೆ ತಗೊಂಡು ಮುಟ್ಟಿ ನೋಡಿದರು. ತಮ್ಮ ಜೇಬಿನಿಂದ ತಮ್ಮದನ್ನೂ ತೆಗೆದು ಮುಟ್ಟಿ ನೋಡಿದರು. ಆಮೇಲೆ ನನ್ನದನ್ನು ನನಗೆ ಕೊಟ್ಟು, ಹಗ್ಗವನ್ನು ನನ್ನ ಕೈಗೆ ಎಟುಕುವ ಹಾಗೆ ಕೋಲಿನಿಂದ ಬಗ್ಗಿಸಿ ಹಿಡಿದರು. ಕಾಗೆ ಎದ್ದು ಹೋಯಿತು.

ಒದ್ದೆ ಬಟ್ಟೆ ಹಗ್ಗದ ಮೇಲೆ ತಾನೇ ಕೂರುತ್ತದೆ. ಒಣಬಟ್ಟೆ ಕೂರುವುದಿಲ್ಲ, ಹೊಳೆಯ ಗಾಳಿಗೆ ಹಾರಲು ನೋಡುತ್ತದೆ. ಹಾಕಿದೆ, ಜಾರಿತು. ಮತ್ತೆ ಹಾಕಿದೆ, ಎದ್ದು ನನ್ನ ಮುಖಕ್ಕೇ ಬಡಿಯಿತು. ಚಾವಡಿಯ ಮೆಟ್ಟಿಲಿಂದ ಇನ್ನಾಸಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಕೈಗಾಡಿಯಲ್ಲಿ ಅಜ್ಜಿ ಕತ್ತು ಚಾಚಿದ್ದಳು. ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಪರಂಜ್ಯೋತಿಯವರು, ಅವರ ಹಿಂದೆ ಹಸುವಿನ ಮುದುಕಿ, ಅವಳ ಹಿಂದೆ ಚಾವಡಿಯ ಬಾಗಿಲ ತನಕ ಜನ, ಎಲ್ಲರ ಕೈಯಲ್ಲೂ ಒಂದೊಂದು ಒಣ ಕರವಸ್ತ್ರ.

"ಬೇಗ ಕಟ್ಟವ್ವ," ಅಂದಳು ಮುದುಕಿ. "ನಾವೂ ನಿಂತಿದೀವಿ."

ನಾನು ಕರವಸ್ತ್ರದ ಎರಡು ತುದಿಗಳನ್ನು ಹಗ್ಗದ ಕೆಳಗೆ ತಂದು, ಬಿಗಿಯಾಗಿ ಕಟ್ಟಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.